ಜಮೀನು ಮಾರಿದವರ ಪಾಲುದಾರಿಕೆ ಸಾಲ ಕೊಂಡವರ ತಲೆಗೆ ಬರುತ್ತದೆಯೇ?

ಕಪ್ಪುಮಣ್ಣು

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ನಾವು ಒಂದು ಜಮೀನು ಕೊಂಡೆವು. ಭೂಪರಿವರ್ತನೆ ಆದ ಜಾಗ. ಖಾತೆ, ಹಳೆಯ ಕ್ರಯಪತ್ರ ಎಲ್ಲವೂ ಮಾರಿದವರ ಸ್ವಂತ ಹೆಸರಿನಲ್ಲೇ ಇದ್ದವು. ಇ.ಸಿ. (ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರ, ಋಣಗಳನ್ನು ತೋರಿಸುವ ಪತ್ರ) ತೆಗೆಸಿ ನೋಡಿದೆವು, ಯಾವ ಅಡಮಾನವೂ ಇರಲಿಲ್ಲ. ದುಡ್ಡನ್ನೆಲ್ಲ ಬ್ಯಾಂಕಿನ ಮೂಲಕವೇ ಕೊಟ್ಟು ರಿಜಿಸ್ಟರ್ ಮಾಡಿಸಿಕೊಂಡೆವು.

ಈಗ ಒಬ್ಬ ವ್ಯಾಪಾರಿಯ ಕಡೆಯಿಂದ ಲಾಯರ್ ನೋಟಿಸ್ ಬಂದಿದೆ. ಮಾರಿದವರು ಇನ್ನಿಬ್ಬರ ಜೊತೆ ಸೇರಿ ಒಂದು ಫರ್ಮ್ ನಡೆಸುತ್ತಿದ್ದರಂತೆ, ಆ ಫರ್ಮ್ ಸರಕು ತೆಗೆದುಕೊಂಡು ದುಡ್ಡು ಕೊಟ್ಟಿಲ್ಲವಂತೆ. ನೋಟಿಸಿನಲ್ಲಿ ಹೀಗೆ ಬರೆದಿದ್ದಾರೆ: ಫರ್ಮಿನ ಸಾಲಕ್ಕೆ ಪಾಲುದಾರರ ಸ್ವಂತ ಆಸ್ತಿಯೂ ಹೊಣೆ, ಆ ಆಸ್ತಿ ಈಗ ನಿಮ್ಮ ಕೈಯಲ್ಲಿದೆ, ಆದ್ದರಿಂದ ಬಾಕಿಯನ್ನು ನೀವೇ ಕಟ್ಟಬೇಕು, ಇಲ್ಲದಿದ್ದರೆ ಜಮೀನು ಜಪ್ತಿ ಮಾಡಿಸುತ್ತೇವೆ. ಫರ್ಮಿನ ವಿಷಯ ನಮಗೆ ಗೊತ್ತೇ ಇರಲಿಲ್ಲ. ನಿಜವಾಗಿಯೂ ನಾವು ಕಟ್ಟಬೇಕಾಗುತ್ತದೆಯೇ? ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ನ್ಯಾಯದ ದಾರಿ

ನಿಮ್ಮ ನೋಟಿಸಿನ ಮೊದಲರ್ಧ ಸರಿ ಇದೆ. 1932ರ ಪಾಲುದಾರಿಕೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಒಬ್ಬರು ಪಾಲುದಾರರಾಗಿದ್ದಾಗ ಫರ್ಮ್ ಮಾಡಿದ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಉಳಿದವರ ಜೊತೆಗೂ ಹೊಣೆ, ಒಬ್ಬಂಟಿಯಾಗಿಯೂ ಹೊಣೆ. ಅಂದರೆ ಸಾಲ ಕೊಟ್ಟವರು ಮೂವರಲ್ಲಿ ಒಬ್ಬರನ್ನೇ ಹಿಡಿದು ಪೂರ್ತಿ ಕೇಳಬಹುದು, ಅವರ ಮನೆ ಜಮೀನಿಗೂ ಕೈ ಹಾಕಬಹುದು. ಆದರೆ ಇದರಿಂದ ಎರಡನೇ ಅರ್ಧ ಹುಟ್ಟುವುದಿಲ್ಲ. ಹೊಣೆ ಇರುವುದು ಆ ವ್ಯಕ್ತಿಯ ಮೇಲೆ. ಅವರು ಮಾರಿದ ಪ್ರತಿಯೊಂದು ವಸ್ತುವಿನ ಹಿಂದೆ ಆ ಹೊಣೆ ನಡೆದುಕೊಂಡು ಬರುವುದಿಲ್ಲ. ಹಾಗೆ ಬರುವುದಾದರೆ ವ್ಯಾಪಾರ ಮಾಡುವವರ ಕೈಯಿಂದ ಯಾರೂ ಒಂದು ಗುಂಟೆ ಜಾಗ ಕೊಳ್ಳುವ ಹಾಗಿರಲಿಲ್ಲ.

ಜಮೀನಿನ ಜೊತೆ ಬರುವುದು ಜಮೀನಿಗೇ ಅಂಟಿಕೊಂಡ ಸಾಲ ಮಾತ್ರ. ಅಡಮಾನ ಇದ್ದರೆ ಬರುತ್ತದೆ. ನೀವು ಕೊಳ್ಳುವ ಮೊದಲೇ ಕೋರ್ಟ್ ಜಪ್ತಿ ಮಾಡಿದ್ದರೆ ಬರುತ್ತದೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 64ನೇ ಸೆಕ್ಷನ್ ಪ್ರಕಾರ ಜಪ್ತಿ ಆದ ಮೇಲಿನ ಖಾಸಗಿ ಮಾರಾಟ ಜಪ್ತಿ ಮಾಡಿಸಿದವರ ಮಟ್ಟಿಗೆ ನಡೆಯುವುದಿಲ್ಲ. ಆ ಜಮೀನಿನ ಹಕ್ಕಿನ ಬಗ್ಗೆಯೇ ದಾವೆ ನಡೆಯುತ್ತಿರುವಾಗ ಕೊಂಡಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಸೆಕ್ಷನ್ ನಿಮ್ಮನ್ನು ಕಟ್ಟಿಹಾಕುತ್ತದೆ. ಇಲ್ಲಿ ಒಂದನ್ನು ಗಮನಿಸಿ. ಸುಮ್ನೆ ಹಣ ವಸೂಲಿಗೆ ಹಾಕಿದ ದಾವೆ ಜಮೀನಿನ ಹಕ್ಕಿನ ದಾವೆ ಅಲ್ಲ. ಬರೀ ಹಣದ ಕೇಸು ನಡೆಯುತ್ತಿತ್ತು ಎಂದ ಮಾತ್ರಕ್ಕೆ 52 ಅನ್ವಯಿಸುವುದಿಲ್ಲ.

ಇವು ಯಾವುವೂ ಇಲ್ಲದಿದ್ದರೆ ಅವರಿಗೆ ಉಳಿಯುವ ದಾರಿ ಒಂದೇ. ಸಾಲ ಕೊಟ್ಟವರಿಗೆ ಕೈ ಕೊಡಲು ಮಾಡಿದ ಮಾರಾಟ ಎಂದು ಅದೇ ಸ್ವತ್ತು ವರ್ಗಾವಣೆ ಕಾಯ್ದೆಯ 53ನೇ ಸೆಕ್ಷನ್ ಅಡಿ ದಾವೆ ಹೂಡಿ ನಿಮ್ಮ ಕ್ರಯಪತ್ರವನ್ನು ರದ್ದು ಮಾಡಿಸಲು ನೋಡಬಹುದು. ಆ ಸೆಕ್ಷನ್‌ನಲ್ಲೇ ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಕೊಂಡವರಿಗೆ ರಕ್ಷಣೆ ಇದೆ.

ಎರಡು ವಿಷಯ ತಿಳಿಸಿ. ನಿಮ್ಮ ಕ್ರಯಪತ್ರದ ತಾರೀಖಿಗೆ ಮೊದಲು ಯಾವುದಾದರೂ ಕೋರ್ಟ್ ಆದೇಶ ಇತ್ತೇ? ಮಾರಿದವರು ನಿಮಗೆ ನೆಂಟರೋ, ಸ್ನೇಹಿತರೋ?

ಸರಕು ಕೊಟ್ಟವನು

ನಾನು ಎದುರು ಕಡೆಯವನು, ಅಂದರೆ ಇಂಥದ್ದೇ ಒಂದು ಫರ್ಮಿಗೆ ಸರಕು ಕೊಟ್ಟು ದುಡ್ಡು ಕಳೆದುಕೊಂಡವನು. ದಯವಿಟ್ಟು ಸಾಲ ಕೊಟ್ಟವರನ್ನೆಲ್ಲ ಹೆದರಿಸುವವರು ಎಂದುಕೊಳ್ಳಬೇಡಿ. ನನಗೆ ಕೊಡಬೇಕಾದವರು ವಸೂಲಿ ನೋಟಿಸ್ ಕೈಗೆ ಸಿಕ್ಕ ತಿಂಗಳಲ್ಲೇ ಇದ್ದ ಆಸ್ತಿಯನ್ನೆಲ್ಲ ಭಾವಮೈದುನನ ಹೆಸರಿಗೆ ಮಾಡಿದರು. ಕ್ರಯಪತ್ರದಲ್ಲಿ ಬೆಲೆ ನಗದಾಗಿ ಸಂದಿದೆ ಎಂದು ಬರೆದಿತ್ತು. ಮಾರಿದ ಮನೆಯಲ್ಲಿ ಅವರೇ ವಾಸವಾಗಿದ್ದರು, ಕರೆಂಟ್ ಬಿಲ್ ಅವರ ಹೆಸರಿಗೇ ಬರುತ್ತಿತ್ತು. ಇಂಥದ್ದಕ್ಕೆ ಕಾನೂನು ಏನೂ ಮಾಡಬಾರದೇ?

ನ್ಯಾಯದ ದಾರಿ

ಮಾಡಬೇಕು, ಮಾಡುತ್ತದೆ ಕೂಡ. ನೀವು ಹೇಳಿದ್ದೆಲ್ಲ 53ನೇ ಸೆಕ್ಷನ್ ಕೇಸಿನಲ್ಲಿ ಕೋರ್ಟ್ ನೋಡುವ ಗುರುತುಗಳೇ. ಹತ್ತಿರದ ನೆಂಟರು, ನಗದು, ಅವಸರ, ಇದ್ದಬದ್ದ ಆಸ್ತಿಯೆಲ್ಲ ಒಂದೇ ಸಲ ಕೈಬಿಡುವುದು, ಮಾರಿದ ಮೇಲೂ ಸ್ವಾಧೀನ ಬಿಡದೇ ಇರುವುದು. ಒಂದೊಂದೇ ಇದ್ದರೆ ಸಾಲದು, ಎಲ್ಲ ಒಟ್ಟಿಗೆ ಬಂದಾಗ ಕೋರ್ಟಿಗೆ ಅನುಮಾನ ಗಟ್ಟಿಯಾಗುತ್ತದೆ. ಆಗ ನಾನು ನಿಜವಾಗಿ ದುಡ್ಡು ಕೊಟ್ಟು ಕೊಂಡೆ ಎಂದು ತೋರಿಸುವ ಭಾರ ಕೊಂಡವರ ಮೇಲೆ ಬೀಳುತ್ತದೆ.

ಆದರೆ ಆ ದಾವೆಯನ್ನು ನಿಮ್ಮೊಬ್ಬರ ಬಾಕಿಗಾಗಿ ಮಾತ್ರ ಹಾಕುವ ಹಾಗಿಲ್ಲ. ಆ ವ್ಯಕ್ತಿಗೆ ಸಾಲ ಕೊಟ್ಟ ಎಲ್ಲರ ಪರವಾಗಿ ಹಾಕಬೇಕು ಎಂದು ಸೆಕ್ಷನ್‌ನಲ್ಲೇ ಇದೆ. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಇನ್ನೊಂದು, ಸಾಲ ಕೊಟ್ಟ ಒಬ್ಬರಿಗೆ ಕೊಡದೆ ಇನ್ನೊಬ್ಬರಿಗೆ ಕೊಟ್ಟ ಎಂಬ ಒಂದೇ ಕಾರಣಕ್ಕೆ ಅದು ಮೋಸ ಆಗುವುದಿಲ್ಲ ಎಂದು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್ 1915ರಲ್ಲೇ ಹೇಳಿದೆ. ಜಮೀನು ಮಾರಿ ಬಂದ ದುಡ್ಡನ್ನು ಬ್ಯಾಂಕಿಗೆ ಕಟ್ಟಿ ವ್ಯಾಪಾರಿಗೆ ಕೊಡದಿದ್ದರೆ ವ್ಯಾಪಾರಿಗೆ ಹೊಟ್ಟೆ ಉರಿಯುವುದು ಸಹಜ, ಆದರೆ ಜಮೀನು ಕೊಂಡವರದ್ದು ಅದರಲ್ಲಿ ತಪ್ಪಿಲ್ಲ.

ಕಪ್ಪುಮಣ್ಣು

ಮಾರಿದವರು ನೆಂಟರಲ್ಲ, ಬ್ರೋಕರ್ ಮೂಲಕ ಪರಿಚಯ. ಮಾರ್ಕೆಟ್ ಬೆಲೆಯನ್ನೇ ಕೊಟ್ಟಿದ್ದೇವೆ. ಕೋರ್ಟ್ ಆದೇಶದ ಬಗ್ಗೆ ಕೇಳಿದಿರಿ. ನಮ್ಮ ವಕೀಲರು ಹುಡುಕಿಸಿದಾಗ ಗೊತ್ತಾಯಿತು, ಆ ವ್ಯಾಪಾರಿ ಹಣದ ದಾವೆ ಹಾಕಿ ತೀರ್ಪಿಗೆ ಮುಂಚಿನ ಜಪ್ತಿಗೆ ಅರ್ಜಿ ಕೊಟ್ಟಿದ್ದಾರೆ, ಆದೇಶವೂ ಆಗಿದೆ. ತಾರೀಖು ಮಾತ್ರ ತಲೆ ತಿನ್ನುತ್ತಿದೆ. ಕ್ರಯಪತ್ರಕ್ಕೆ ಸಹಿ ಹಾಕಿ ಪೂರ್ತಿ ದುಡ್ಡು ಕೊಟ್ಟ ದಿನ ಸರ್ವರ್ ತೊಂದರೆ ಎಂದು ನೋಂದಣಿ ಆಗಲಿಲ್ಲ. ಮುಂದಿನ ವಾರ ನೋಂದಣಿ ಆಯಿತು. ಜಪ್ತಿ ಆದೇಶ ಆ ಮಧ್ಯದಲ್ಲಿ ಬಂದಿದೆ. ಕ್ರಯದ ಕರಾರನ್ನು ನಾವು ರಿಜಿಸ್ಟರ್ ಮಾಡಿಸಿರಲಿಲ್ಲ.

ನ್ಯಾಯದ ದಾರಿ

ಇದು ಬಹಳ ಮುಖ್ಯವಾದ ವಿಷಯ, ಮತ್ತು ನಿಮ್ಮ ಪರವಾಗಿದೆ. 1908ರ ನೋಂದಣಿ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ನೋಂದಣಿ ಆದ ಪತ್ರ ನೋಂದಣಿಯ ದಿನದಿಂದ ಅಲ್ಲ, ನೋಂದಣಿ ಬೇಕಿಲ್ಲದಿದ್ದರೆ ಯಾವಾಗಿನಿಂದ ಜಾರಿಗೆ ಬರುತ್ತಿತ್ತೋ ಆಗಿನಿಂದಲೇ ಜಾರಿಗೆ ಬರುತ್ತದೆ. ಸಹಿ ಮೊದಲು, ಜಪ್ತಿ ಆಮೇಲೆ, ನೋಂದಣಿ ಕೊನೆಗೆ, ಹೀಗೇ ಆದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಂಡವರ ಪರ ತೀರ್ಪು ಕೊಟ್ಟಿದೆ. ಹಮ್ದಾ ಅಮ್ಮಾಳ್ ಕೇಸು ಎಂದು ಹೇಳಿದರೆ ನಿಮ್ಮ ವಕೀಲರಿಗೆ ಗೊತ್ತಾಗುತ್ತದೆ. ಸಹಿ ಆದ ದಿನವೇ ದುಡ್ಡು ಹೋಗಿದೆ ಎಂದು ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್, ಅದಕ್ಕೂ ಮೊದಲು ಕೊಂಡ ಸ್ಟಾಂಪ್ ಸುಂಕದ ರಸೀದಿ, ಪತ್ರ ಬರೆದವರು ಮತ್ತು ಸಾಕ್ಷಿಗಳು, ಇಷ್ಟನ್ನೂ ಈಗಲೇ ಒಟ್ಟು ಮಾಡಿಟ್ಟುಕೊಳ್ಳಿ. ಎದುರಿನವರು ಸಹಿಯ ತಾರೀಖನ್ನು ಹಿಂದಕ್ಕೆ ಹಾಕಿದ್ದಾರೆ ಎಂದೇ ವಾದ ಮಾಡುತ್ತಾರೆ. ಬ್ಯಾಂಕಿನ ದಾಖಲೆಯಲ್ಲಿ ತಾರೀಖು ತಿದ್ದಲು ಆಗುವುದಿಲ್ಲ, ಅಲ್ವಾ, ಅದೇ ನಿಮ್ಮ ಬಲ.

ಕರಾರಿನ ಬಗ್ಗೆ ಓದುವ ಎಲ್ಲರಿಗೂ ಒಂದು ಮಾತು. 64ನೇ ಸೆಕ್ಷನ್‌ಗೆ 2002ರ ತಿದ್ದುಪಡಿಯಲ್ಲಿ ಎರಡನೇ ಉಪಸೆಕ್ಷನ್ ಸೇರಿದೆ. ಜಪ್ತಿಗೆ ಮೊದಲೇ ಕರಾರು ಮಾಡಿಕೊಂಡು ಅದನ್ನು ನೋಂದಣಿ ಮಾಡಿಸಿದ್ದರೆ, ಕ್ರಯಪತ್ರ ಜಪ್ತಿಯ ನಂತರ ಆದರೂ ರಕ್ಷಣೆ ಸಿಗುತ್ತದೆ. ಖರ್ಚು ಉಳಿಸಲು ಕರಾರನ್ನು ಬರೀ ಸ್ಟಾಂಪ್ ಪೇಪರಿನಲ್ಲಿ ಮುಗಿಸುವವರು ಈ ರಕ್ಷಣೆಯನ್ನು ಕೈಯಾರೆ ಬಿಟ್ಟುಕೊಡುತ್ತಾರೆ.

ಲೆಕ್ಕದ ಪುಸ್ತಕ

ನಾನು ಲೆಕ್ಕಪತ್ರ ನೋಡುವವಳು. ಇಲ್ಲಿ ಎಲ್ಲರೂ ಒಂದು ಪ್ರಶ್ನೆಯನ್ನು ದಾಟಿ ಹೋಗುತ್ತಿದ್ದೀರಿ. ಆ ಜಮೀನು ನಿಜವಾಗಿ ಯಾರದ್ದು? ಖಾತೆ ಒಬ್ಬರ ಹೆಸರಿನಲ್ಲಿದ್ದರೂ ಜಮೀನು ಫರ್ಮಿನದ್ದಾಗಿರಬಹುದು. ಪಾಲುದಾರಿಕೆ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಫರ್ಮಿನ ದುಡ್ಡಿನಲ್ಲಿ ಕೊಂಡ ಆಸ್ತಿಯನ್ನು, ಬೇರೆ ಉದ್ದೇಶ ಕಾಣದಿದ್ದರೆ, ಫರ್ಮಿಗಾಗಿ ಕೊಂಡದ್ದೆಂದೇ ಲೆಕ್ಕ ಹಿಡಿಯಬೇಕು. ಎಷ್ಟೋ ಫರ್ಮುಗಳ ಬ್ಯಾಲೆನ್ಸ್ ಶೀಟ್ ನೋಡಿದ್ದೇನೆ. ಸ್ಥಿರಾಸ್ತಿಗಳ ಪಟ್ಟಿಯಲ್ಲಿ ಶೆಡ್, ಯಂತ್ರ, ವಾಹನ ಎಲ್ಲದರ ಮುಂದೆ ವರ್ಷವರ್ಷವೂ ಸವಕಳಿ, ಅಂದರೆ ಬಳಕೆಯಿಂದ ಇಳಿಯುವ ಬೆಲೆ, ಕಳೆದಿರುತ್ತದೆ. ಒಂದು ಸಾಲಿನಲ್ಲಿ ಮಾತ್ರ ಸವಕಳಿ ಕಾಲಂ ಖಾಲಿ, ಮೊತ್ತ ಪ್ರತಿ ವರ್ಷ ಅಷ್ಟೇ. ಅದು ಜಮೀನು. ಆ ಸಾಲು ಇದ್ದರೆ, ಕ್ರಯಪತ್ರ ಯಾವ ಪಾಲುದಾರರ ಹೆಸರಿನಲ್ಲಿದ್ದರೂ ಉಳಿದ ಪಾಲುದಾರರು ಇದು ನಮ್ಮದೂ ಹೌದು ಎಂದು ಬರುವ ದಾರಿ ತೆರೆದಿರುತ್ತದೆ.

ಆಗ ತೊಂದರೆ ಎರಡು ಕಡೆಯಿಂದ. ಒಂದು, ಫರ್ಮಿನ ಸ್ಥಿರಾಸ್ತಿ ಮಾರುವ ಅಧಿಕಾರ ಒಬ್ಬ ಪಾಲುದಾರನಿಗೆ ತಾನಾಗಿ ಇರುವುದಿಲ್ಲ, 19ನೇ ಸೆಕ್ಷನ್‌ನಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಎಲ್ಲರ ಸಹಿ ಬೇಕು, ಇಲ್ಲವೇ ಪಾಲುದಾರಿಕೆ ಪತ್ರದಲ್ಲೋ ಅಧಿಕಾರ ಪತ್ರದಲ್ಲೋ ಸ್ಪಷ್ಟ ಅನುಮತಿ ಬೇಕು. ಎರಡು, 49ನೇ ಸೆಕ್ಷನ್ ಪ್ರಕಾರ ಫರ್ಮಿನ ಆಸ್ತಿ ಮೊದಲು ಫರ್ಮಿನ ಸಾಲಕ್ಕೆ ಹೋಗಬೇಕು, ಪಾಲುದಾರನ ಸ್ವಂತ ಆಸ್ತಿ ಮೊದಲು ಅವನ ಸ್ವಂತ ಸಾಲಕ್ಕೆ. ಹಾಗಾಗಿ ಫರ್ಮಿನ ಜಮೀನನ್ನು ಒಬ್ಬರು ಸ್ವಂತದ್ದೆಂದು ಮಾರಿದರೆ ಫರ್ಮಿಗೆ ಸಾಲ ಕೊಟ್ಟವರು ಸುಮ್ಮನಿರುವುದಿಲ್ಲ.

ಕಪ್ಪುಮಣ್ಣು

ಮೇಡಂ, ನಮಗೆ ಬ್ಯಾಲೆನ್ಸ್ ಶೀಟ್ ಯಾರು ತೋರಿಸುತ್ತಾರೆ? ಪತ್ರದಲ್ಲಿ ಫರ್ಮಿನ ಹೆಸರೇ ಇಲ್ಲದಿದ್ದಾಗ ಕೇಳಬೇಕೆಂದು ಹೊಳೆಯುವುದಾದರೂ ಹೇಗೆ?

ಲೆಕ್ಕದ ಪುಸ್ತಕ

ಜಾಗದಲ್ಲಿ ಫರ್ಮಿನ ಬೋರ್ಡ್, ಶೆಡ್, ಗೋದಾಮು ಏನಾದರೂ ಇದ್ದರೆ ಕೇಳಲೇಬೇಕು. ಖಾಲಿ ಜಾಗವಾಗಿದ್ದು, ದಾಖಲೆಯೆಲ್ಲ ಒಬ್ಬರ ಹೆಸರಿನಲ್ಲೇ ಇದ್ದರೆ ನಿಮ್ಮನ್ನು ಯಾರೂ ದೂರುವುದಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 41ನೇ ಸೆಕ್ಷನ್ ಇರುವುದು ಇದಕ್ಕೇ. ನಿಜವಾದ ಮಾಲೀಕರ ಒಪ್ಪಿಗೆಯಿಂದಲೇ ಇನ್ನೊಬ್ಬರು ಮಾಲೀಕರಂತೆ ತೋರುತ್ತಿದ್ದು, ನೀವು ಸಾಕಷ್ಟು ವಿಚಾರಿಸಿ, ಬೆಲೆ ಕೊಟ್ಟು, ಪ್ರಾಮಾಣಿಕವಾಗಿ ಕೊಂಡಿದ್ದರೆ ಮಾರಿದವರಿಗೆ ಅಧಿಕಾರ ಇರಲಿಲ್ಲ ಎಂದು ಆಮೇಲೆ ತಕರಾರು ಎತ್ತುವ ಹಾಗಿಲ್ಲ. ಆದರೆ ವಿಚಾರಿಸಿದ್ದೀರಿ ಎಂಬುದಕ್ಕೆ ಪುರಾವೆ ಬೇಕು. ಪತ್ರಿಕೆಯಲ್ಲಿ ಸಾರ್ವಜನಿಕ ನೋಟಿಸ್ ಕೊಟ್ಟಿದ್ದಿರಾ?

ಕಪ್ಪುಮಣ್ಣು

ಕೊಟ್ಟಿದ್ದೆವು, ಯಾರೂ ತಕರಾರು ಹಾಕಲಿಲ್ಲ. ಆ ಪತ್ರಿಕೆ ಇದೆ. ಜಾಗ ಖಾಲಿಯಾಗಿತ್ತು, ಸುತ್ತ ತಂತಿ ಬೇಲಿ ಅಷ್ಟೇ.

ಹಳೇ ಬ್ಯಾಂಕಿನವರು

ಸಾಲ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ ಕಾರಣಕ್ಕೆ ಒಂದು ಎಚ್ಚರಿಕೆ. ಇ.ಸಿ. ಸ್ವಚ್ಛ ಇದೆ ಎಂದ ಮಾತ್ರಕ್ಕೆ ಅಡಮಾನ ಇಲ್ಲ ಎಂದಲ್ಲ. ಫರ್ಮ್ ಸಾಲ ತೆಗೆಯುವಾಗ ಬ್ಯಾಂಕು ಪಾಲುದಾರರ ಜಾಮೀನು ತೆಗೆದುಕೊಳ್ಳುತ್ತದೆ, ಜೊತೆಗೆ ಅವರ ಸ್ವಂತ ಜಮೀನಿನ ಮೂಲ ಪತ್ರಗಳನ್ನೂ ಇಟ್ಟುಕೊಳ್ಳುತ್ತದೆ. ಮೂಲ ಪತ್ರ ಭದ್ರತೆಗೆಂದು ಒಪ್ಪಿಸಿದರೆ ಅದೇ ಅಡಮಾನ, ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಸೆಕ್ಷನ್‌ನ ಎಫ್ ಕಲಂ. ಅದಕ್ಕೆ ರಿಜಿಸ್ಟರ್ ಆದ ಪತ್ರ ಬೇಕೇ ಬೇಕು ಎಂದಿಲ್ಲ, ಹಾಗಾಗಿ ಇ.ಸಿ.ಯಲ್ಲಿ ಕಾಣದೆಯೂ ಇರಬಹುದು. ಬರೀ ಜಾಮೀನು ಸಹಿ ಹಾಕಿದ್ದರೆ ಜಮೀನಿಗೆ ಏನೂ ಅಂಟುವುದಿಲ್ಲ. ಪತ್ರ ಇಟ್ಟಿದ್ದರೆ ಅಂಟುತ್ತದೆ, ಕೊಂಡವರ ಹಿಂದೆಯೂ ಬರುತ್ತದೆ, ಮತ್ತು 2002ರ ಸರ್ಫೇಸಿ ಎಂಬ ಬ್ಯಾಂಕ್ ಸಾಲ ವಸೂಲಿ ಕಾಯ್ದೆಯ ಅಡಿ ಬ್ಯಾಂಕು ಸಿವಿಲ್ ಕೋರ್ಟಿಗೆ ಹೋಗದೆ ಸ್ವಾಧೀನಕ್ಕೆ ಬರಬಹುದು.

ಆದ್ದರಿಂದ ನೋಡಬೇಕಾದದ್ದು ಮೂಲ ಪತ್ರ. ಮಾರುವವರು ಸಬ್ ರಿಜಿಸ್ಟ್ರಾರ್ ಕಚೇರಿಯ ದೃಢೀಕೃತ ನಕಲು ತೋರಿಸಿ ಒರಿಜಿನಲ್ ಕಳೆದುಹೋಗಿದೆ ಎಂದರೆ ಅಲ್ಲೇ ನಿಲ್ಲಿ. ಪತ್ರವನ್ನು ಕೈಯಲ್ಲಿ ಹಿಡಿದು ನೋಡಿ. ಬ್ಯಾಂಕಿನಲ್ಲಿ ಇದ್ದು ಬಂದ ಪತ್ರದ ಅಂಚಿನಲ್ಲಿ ಫೈಲಿಗೆ ಪಂಚ್ ಮಾಡಿದ ತೂತು, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಕ್ರಮಸಂಖ್ಯೆ ಇರುವುದುಂಟು. ಇದ್ದರೆ ಯಾವ ಬ್ಯಾಂಕು, ಸಾಲ ತೀರಿದ ಪತ್ರ ಎಲ್ಲಿ ಎಂದು ಕೇಳಿ. ಸರ್ಸಾಯ್ ಎಂಬ ಕೇಂದ್ರ ನೋಂದಣಿ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಆ ಆಸ್ತಿಯ ಮೇಲೆ ಬ್ಯಾಂಕಿನ ಹಕ್ಕು ದಾಖಲಾಗಿದೆಯೇ ಎಂದು ಹುಡುಕಬಹುದು. ಕೊಳ್ಳುವವರು ಇದನ್ನು ಬಿಡಬಾರದು.

ಸರಕು ಕೊಟ್ಟವನು

ಸರ್ಕಾರದ ತೆರಿಗೆ ಬಾಕಿ ಇದ್ದರೆ? ನನ್ನಂಥವನ ಬಾಕಿಗಿಂತ ಅದು ಜೋರು ಎಂದು ಕೇಳಿದ್ದೇನೆ.

ಲೆಕ್ಕದ ಪುಸ್ತಕ

ಜೋರು ಹೌದು. ಆದರೆ ಅಲ್ಲಿಯೂ ಪ್ರಾಮಾಣಿಕವಾಗಿ ಕೊಂಡವರಿಗೆ ಬಾಗಿಲು ಮುಚ್ಚಿಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 81ನೇ ಸೆಕ್ಷನ್ ತೆರಿಗೆ ತಪ್ಪಿಸಲು ಮಾಡಿದ ಮಾರಾಟ ನಡೆಯುವುದಿಲ್ಲ ಎನ್ನುತ್ತದೆ. ಅದೇ ಉಸಿರಿನಲ್ಲಿ, ಸಾಕಷ್ಟು ಬೆಲೆ ಕೊಟ್ಟು, ಪ್ರಾಮಾಣಿಕವಾಗಿ, ಬಾಕಿಯ ವಿಷಯ ಗೊತ್ತಿಲ್ಲದೆ ಕೊಂಡಿದ್ದರೆ ಮಾರಾಟ ನಿಲ್ಲುತ್ತದೆ ಎಂದೂ ಹೇಳುತ್ತದೆ.

ನಮ್ಮ ರಾಜ್ಯದ್ದೇ ಒಂದು ಕೇಸು ಇದೆ, ಕರ್ನಾಟಕ ಸರ್ಕಾರ ಮತ್ತು ಶ್ರೇಯಸ್ ಪೇಪರ್ಸ್ ನಡುವಿನದು. ಸಾಲ ಕಟ್ಟದ ಕಾರ್ಖಾನೆಯ ಆಸ್ತಿಯನ್ನು ಹಣಕಾಸು ಸಂಸ್ಥೆ ಮಾರಿತು. ಹಳೆಯ ಮಾಲೀಕರ ಮಾರಾಟ ತೆರಿಗೆ ಬಾಕಿಯನ್ನು ಕೊಂಡವರಿಂದ ಕೇಳಿದರು. ಆಸ್ತಿ ಕೊಂಡ ಮಾತ್ರಕ್ಕೆ ವ್ಯವಹಾರವನ್ನೇ ಕೊಂಡ ಹಾಗಾಗುವುದಿಲ್ಲ, ಬಾಕಿಯ ವಿಷಯ ತಿಳಿಯದೆ ಬೆಲೆ ಕೊಟ್ಟು ಕೊಂಡವರ ಆಸ್ತಿಯ ಮೇಲೆ ಆ ಹಕ್ಕು ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಈ ವ್ಯತ್ಯಾಸ ತಲೆಯಲ್ಲಿ ಇಟ್ಟುಕೊಳ್ಳಿ. ಜಮೀನು ಕೊಳ್ಳುವುದು ಬೇರೆ, ನಡೆಯುತ್ತಿರುವ ವ್ಯವಹಾರವನ್ನು ಎತ್ತಿಕೊಳ್ಳುವುದು ಬೇರೆ. ವ್ಯವಹಾರವನ್ನೇ ಕೊಂಡರೆ ಜಿಎಸ್‌ಟಿ ಕಾಯ್ದೆಯ 85ನೇ ಸೆಕ್ಷನ್ ಹಳೆಯ ತೆರಿಗೆಗೆ ಕೊಂಡವರನ್ನೂ ಹೊಣೆ ಮಾಡುತ್ತದೆ, ನೌಕರರ ಭವಿಷ್ಯ ನಿಧಿ ಬಾಕಿಗೂ ಅಂಥದ್ದೇ ನಿಯಮ ಇದೆ. ಹಳೆಯ ಕರೆಂಟ್ ಬಾಕಿಯನ್ನು ಹೊಸ ಸಂಪರ್ಕ ಕೇಳಿದವರಿಂದ ವಸೂಲಿ ಮಾಡುವ ನಿಯಮವನ್ನೂ 2023ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಹಾಗಾಗಿ ಮೀಟರ್ ಇರುವ ಜಾಗ ಕೊಳ್ಳುವವರು ಬಿಲ್ ಬಾಕಿ ನೋಡಿಯೇ ಮುಂದುವರಿಯಿರಿ.

ಹೊಸದಾಗಿ ಕೊಳ್ಳುವವನು

ಚರ್ಚೆ ಓದುತ್ತಾ ಒಂದು ಭಯ ಶುರುವಾಯಿತು, ಕೇಳಿಬಿಡುತ್ತೇನೆ. ನಾನು ನೋಡಿರುವ ಜಾಗ ಒಂದು ಫರ್ಮಿನ ಹೆಸರಿನಲ್ಲೇ ಇದೆ. ಅವರು ಕ್ರಯಪತ್ರ ಬೇಡ, ನಿಮ್ಮನ್ನು ಪಾಲುದಾರರಾಗಿ ಸೇರಿಸಿಕೊಂಡು ನಾವು ನಿವೃತ್ತರಾಗುತ್ತೇವೆ, ಜಾಗ ಫರ್ಮಿನಲ್ಲೇ ಉಳಿದು ನಿಮ್ಮದಾಗುತ್ತದೆ, ಸ್ಟಾಂಪ್ ಸುಂಕ ಉಳಿಯುತ್ತದೆ ಎನ್ನುತ್ತಿದ್ದಾರೆ.

ನ್ಯಾಯದ ದಾರಿ

ದಯವಿಟ್ಟು ಈ ದಾರಿ ಹಿಡಿಯಬೇಡಿ. ಕಪ್ಪುಮಣ್ಣು ಅವರಿಗೆ ಇರುವ ರಕ್ಷಣೆ ಎಲ್ಲವೂ ಅವರು ಹೊರಗಿನವರು, ಬೆಲೆ ಕೊಟ್ಟು ಕೊಂಡವರು ಎಂಬುದರ ಮೇಲೆ ನಿಂತಿದೆ. ನೀವು ಒಳಗೆ ಹೋದರೆ ಅದೆಲ್ಲ ಹೋಯಿತು. ಪಾಲುದಾರಿಕೆ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಹೊಸದಾಗಿ ಸೇರಿದ ಪಾಲುದಾರ ಹಳೆಯ ಸಾಲಕ್ಕೆ ವೈಯಕ್ತಿಕವಾಗಿ ಹೊಣೆಯಲ್ಲ, ಅದನ್ನು ತೋರಿಸಿ ಅವರು ಧೈರ್ಯ ಹೇಳಬಹುದು. ಆದರೆ ಜಾಗ ಫರ್ಮಿನ ಆಸ್ತಿಯಾಗಿಯೇ ಉಳಿದಿರುತ್ತದೆ. ಫರ್ಮಿನ ಮೇಲಿನ ಡಿಕ್ರಿಯನ್ನು, ಅಂದರೆ ಕೋರ್ಟಿನ ತೀರ್ಪಿನ ಆದೇಶವನ್ನು, ಫರ್ಮಿನ ಆಸ್ತಿಯ ಮೇಲೆ ನೇರವಾಗಿ ಜಾರಿ ಮಾಡಬಹುದು. ನಿಮ್ಮ ಜೇಬು ಉಳಿದರೂ ನೀವು ದುಡ್ಡು ಹಾಕಿದ ಜಮೀನೇ ಹೋಗುತ್ತದೆ. ಹಳೆಯವರು ನಿವೃತ್ತಿಯ ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ ಅವರು ಫರ್ಮಿನ ಹೆಸರಿನಲ್ಲಿ ಮಾಡುವ ವ್ಯವಹಾರವೂ ಹೊರಗಿನವರ ಮಟ್ಟಿಗೆ ಫರ್ಮನ್ನು ಕಟ್ಟಿಹಾಕಬಹುದು. ಸುಂಕ ಕಟ್ಟಿ, ಎಲ್ಲ ಪಾಲುದಾರರ ಸಹಿ ಹಾಕಿಸಿ ಕ್ರಯಪತ್ರವನ್ನೇ ಮಾಡಿಸಿಕೊಳ್ಳಿ.

ಹೊಸದಾಗಿ ಕೊಳ್ಳುವವನು

ಕ್ರಯಪತ್ರವೇ ಆದರೆ ಬೆಲೆಯಲ್ಲಿ ಒಂದು ಭಾಗ ಉಳಿಸಿಕೊಳ್ಳಿ, ಬ್ಯಾಂಕಿನ ಸಾಲ ನೀವೇ ತೀರಿಸಿ ಎಂದೂ ಹೇಳಿದ್ದಾರೆ. ಅದು ಸರಿಯೇ?

ಹಳೇ ಬ್ಯಾಂಕಿನವರು

ಅದು ಸರಿಯಾದ ಪದ್ಧತಿಯೇ, ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್‌ನಲ್ಲಿ ಕೊಳ್ಳುವವರಿಗೆ ಆ ಹಕ್ಕು ಇದೆ. ಆದರೆ ಮಾರುವವರ ಕೈಗೆ ಕೊಟ್ಟು ಕಟ್ಟಿ ಎನ್ನಬೇಡಿ. ಬ್ಯಾಂಕಿನಿಂದ ಇಂದಿನವರೆಗಿನ ಬಾಕಿಯ ಪತ್ರ ತರಿಸಿ, ನೇರ ಆ ಸಾಲದ ಖಾತೆಗೇ ಹಾಕಿ, ಮೂಲ ಪತ್ರ ಮತ್ತು ಸಾಲ ತೀರಿದ ಪತ್ರ ನಿಮ್ಮ ಕೈಗೆ ಬರುವಂತೆ ಬ್ಯಾಂಕಿನಿಂದ ಬರೆಸಿಕೊಳ್ಳಿ. ಮುಖ್ಯವಾಗಿ ಕ್ರಯಪತ್ರದಲ್ಲಿ ಈ ಬ್ಯಾಂಕಿನ ಈ ಖಾತೆಯ ಸಾಲ, ಈ ಮೊತ್ತದವರೆಗೆ ಎಂದು ಬರೆಯಿರಿ. ಫರ್ಮಿನ ಸಾಲಗಳನ್ನು ಖರೀದಿದಾರರು ತೀರಿಸತಕ್ಕದ್ದು ಎಂಬ ಒಂದು ಸಾಲು ನುಸುಳಿದರೆ ನಿಮಗೆ ಗೊತ್ತಿಲ್ಲದ ಸಾಲಕ್ಕೂ ನೀವೇ ಮಾರಿದವರಿಗೆ ಮಾತು ಕೊಟ್ಟ ಹಾಗೆ.

ನ್ಯಾಯದ ದಾರಿ

ಇದಕ್ಕೆ ಒಂದು ಸೇರಿಸುತ್ತೇನೆ. ಕೊಂಡವರು ನಿಜವಾಗಿಯೂ ಕಟ್ಟಬೇಕಾಗಿ ಬರುವ ಸಂದರ್ಭ ಒಂದಿದೆ. ಬೆಲೆಯಲ್ಲಿ ಬಾಕಿ ಉಳಿಸಿಕೊಂಡಿದ್ದರೆ ನೀವು ಮಾರಿದವರಿಗೆ ಸಾಲಗಾರರು. ಅವರ ಮೇಲೆ ಡಿಕ್ರಿ ಪಡೆದವರು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21ರ ನಿಯಮ 46ಎ ಅಡಿ ಕೋರ್ಟಿನ ಮೂಲಕ ನಿಮ್ಮಿಂದಲೇ ಆ ದುಡ್ಡು ಕೇಳಬಹುದು. ಕೋರ್ಟ್ ನೋಟಿಸ್ ಬಂದ ಮೇಲೂ ಮಾರಿದವರ ಕೈಗೇ ಕೊಟ್ಟರೆ ಎರಡು ಸಲ ಕೊಡುವ ಪರಿಸ್ಥಿತಿ ಬರಬಹುದು. ಕಪ್ಪುಮಣ್ಣು ಅವರೇ, ನಿಮ್ಮದು ಪೂರ್ತಿ ಸಂದಾಯವಾಗಿದೆ ತಾನೇ?

ಕಪ್ಪುಮಣ್ಣು

ಒಂದು ರೂಪಾಯಿಯೂ ಬಾಕಿ ಇಲ್ಲ ಸರ್. ಮೂಲ ಪತ್ರವೂ ನಮ್ಮ ಹತ್ತಿರವೇ ಇದೆ, ಇವತ್ತು ತೆಗೆದು ನೋಡಿದೆ, ಪಂಚ್ ತೂತು ಇಲ್ಲ. ಈಗ ಜಪ್ತಿಯನ್ನು ತೆಗೆಸುವುದು ಹೇಗೆ? ನಾವೇ ಬೇರೆ ದಾವೆ ಹಾಕಬೇಕೇ?

ನ್ಯಾಯದ ದಾರಿ

ಬೇರೆ ದಾವೆ ಬೇಡ. ಅದೇ ಕೋರ್ಟಿನಲ್ಲಿ, ಅದೇ ಕೇಸಿನಲ್ಲಿ ಕ್ಲೇಮ್ ಅರ್ಜಿ, ಅಂದರೆ ಜಪ್ತಿಯಾದ ಆಸ್ತಿ ನಮ್ಮದು ಎನ್ನುವ ಅರ್ಜಿ ಹಾಕಿ. ತೀರ್ಪಿಗೆ ಮುಂಚಿನ ಜಪ್ತಿಗೆ ಆದೇಶ 38ರ ನಿಯಮ 8, ವಿಚಾರಣೆಯ ರೀತಿ ಆದೇಶ 21ರ ನಿಯಮ 58ರದ್ದೇ. ಹಕ್ಕಿನ ಪ್ರಶ್ನೆಯನ್ನು ಅಲ್ಲೇ ತೀರ್ಮಾನ ಮಾಡುತ್ತಾರೆ, ಆ ತೀರ್ಮಾನಕ್ಕೆ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿಯೂ ಇದೆ. ತಡ ಮಾತ್ರ ಮಾಡಬೇಡಿ. ಬೇಕೆಂದೇ ತಡ ಮಾಡಿದ್ದಾರೆ ಎಂದು ಕೋರ್ಟಿಗೆ ಅನಿಸಿದರೆ ಅಥವಾ ಆಸ್ತಿ ಹರಾಜಾಗಿಬಿಟ್ಟಿದ್ದರೆ ಅರ್ಜಿಯನ್ನು ಕೇಳುವುದೇ ಇಲ್ಲ. ನೋಟಿಸಿಗೂ ಉತ್ತರ ಕೊಡಿಸಿ. ರಾಜಿ ಎಂದು ಸ್ವಲ್ಪ ದುಡ್ಡು ಕೊಟ್ಟು ಸಾಗಹಾಕಲು ಹೋಗಬೇಡಿ, ಸಾಲವನ್ನು ಒಪ್ಪಿಕೊಂಡಿರಿ ಎಂದು ಆಮೇಲೆ ಅದನ್ನೇ ತೋರಿಸುತ್ತಾರೆ. ಮಾರಿದವರಿಗೂ ಒಂದು ನೋಟಿಸ್ ಕಳಿಸಿ, ಹಕ್ಕಿನಲ್ಲಿ ದೋಷ ಬಂದರೆ ನಷ್ಟ ತುಂಬಿಕೊಡುವ ಕಲಂ ನಿಮ್ಮ ಕ್ರಯಪತ್ರದಲ್ಲಿ ಇದ್ದೇ ಇರುತ್ತದೆ. ಅವರು ಕೋರ್ಟಿಗೆ ಬಂದು ಸಹಿಯ ದಿನವನ್ನು ಒಪ್ಪಿಕೊಂಡರೆ ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ.

ಸರಕು ಕೊಟ್ಟವನು

ಕಪ್ಪುಮಣ್ಣು ಅವರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮಗೆ ನೋಟಿಸ್ ಕಳಿಸಿದ ವ್ಯಾಪಾರಿ ಉಳಿದ ಇಬ್ಬರು ಪಾಲುದಾರರನ್ನೂ ಕೇಸಿನಲ್ಲಿ ಸೇರಿಸಿದ್ದಾರೆಯೇ ಎಂದು ನೋಡಿ. ಅವರ ಆಸ್ತಿ ಇನ್ನೂ ಅವರ ಹೆಸರಿನಲ್ಲೇ ಇದ್ದರೆ ಬಾಕಿ ಅಲ್ಲಿಂದಲೇ ಬರಬೇಕು.

ಕಪ್ಪುಮಣ್ಣು

ನೋಡಿದೆವು, ಮೂವರೂ ಪ್ರತಿವಾದಿಗಳೇ. ನಮ್ಮ ವಕೀಲರು ಕ್ಲೇಮ್ ಅರ್ಜಿ ಸಿದ್ಧ ಮಾಡಿದ್ದಾರೆ, ಬ್ಯಾಂಕ್ ಸ್ಟೇಟ್‌ಮೆಂಟಿಗೆ ಮ್ಯಾನೇಜರ್ ಸಹಿ ಮತ್ತು ಸೀಲು ಹಾಕಿಸಿಕೊಂಡು ನಾಳೆ ಸಲ್ಲಿಸುತ್ತೇವೆ. ಪತ್ರ ಬರೆದವರೂ ಸಾಕ್ಷಿ ಹೇಳಲು ಒಪ್ಪಿದ್ದಾರೆ.